ಯಾವುದು ಕನ್ನಡಿಯ ಚುಕ್ಕಿ

ಮನಗೂಳಿ,
ದೀಪಾವಳಿ ಸೂಟಿ, ೧೯೬೨

ನನ್ನ ಜೀವದ ಗೆಳತಿ ಸಾತವ್ವನಿಗೆ ಸಗೀರಾ ಮಾಡುವ ಸಲಾಮು.

‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆದು ಪತ್ರ ಸುರು ಮಾಡಬೇಕು. ಶಾಲೆಯಲ್ಲಿ ಮಕ್ಕಳಿಗೆ ನಾನೇ ಹಾಗೆ ಕಲಿಸುತ್ತೇನೆ. ಆದರೆ ಆ ಸಾಲಿಗೆ ಬಂದಾಗಲೆಲ್ಲ ಕೈ ನಿಂತುಬಿಡುತ್ತದೆ. ಎರಡು ಕಾಗದ ಹರಿದೆ, ಇದು ಮೂರನೆಯದು. ನಾನು ಕ್ಷೇಮವೋ ಅಲ್ಲವೋ ನನಗೆ ಗೊತ್ತಿಲ್ಲ ಸಾತವ್ವ. ಗೊತ್ತಾಗಬೇಕಾದರೆ ನಿನ್ನಿಂದ ಒಂದು ಕೆಲಸ ಆಗಬೇಕು. ಅದನ್ನು ಕೇಳಲಿಕ್ಕೇ ಇಷ್ಟು ವರ್ಷದ ಮೇಲೆ ಕಾಗದ ಹಿಡಿದಿದ್ದೇನೆ.

ಅಕ್ಷರ ನೋಡಿ ಇದು ಯಾರ ಪತ್ರ ಎಂದು ಹುಬ್ಬು ಗಂಟಿಕ್ಕಿರುತ್ತೀ. ಯಂಕಂಚಿ ಶಾಲೆಯಲ್ಲಿ ನನ್ನ ಪಾಟಿ ನೋಡಿ ಮಾಸ್ತರರು ‘ಮುತ್ತು ಪೋಣಿಸಿದಂತೆ ಬರೆಯುತ್ತಾಳೆ’ ಎಂದಾಗ ನೀನು ನನಗೆ ಮೊಣಕೈಯಿಂದ ತಿವಿದದ್ದು ನೆನಪಿದೆ. ಆ ಮುತ್ತೆಲ್ಲ ಈಗ ಚೆಲ್ಲಾಪಿಲ್ಲಿಯಾಗಿವೆ. ನನ್ನ ಬಲಗೈಗೆ ಹೆಬ್ಬೆರಳಿಲ್ಲ. ಪೆನ್ನನ್ನು ಉಳಿದ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತೇನೆ. ಇದನ್ನು ನೀನೇ ಓದು, ಸೊಸೆಯ ಕೈಗೆ ಕೊಡಬೇಡ. ನಾಲ್ಕನೆಯ ಇಯತ್ತೆ ಪಾಸಾದವಳು ನೀನು. ಒಂದೊಂದೇ ಅಕ್ಷರ ಕೂಡಿಸಿಕೊಂಡಾದರೂ ಓದುತ್ತೀ ಎಂದು ನನಗೆ ಗೊತ್ತು.

ಮೊದಲಿನಿಂದ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಪ್ಪು ಗೆರೆ ಎದ್ದಿತು. ಶಾಲೆಯಲ್ಲಿ ಕಲಿಸುವವಳ ಕೈಗೆ ಶಾಯಿ ಹತ್ತುವುದು ದಿನದ ಮಾತು, ಅದೇ ಇರಬೇಕೆಂದುಕೊಂಡೆ. ತೊಳೆದರೆ ಹೋಗಲಿಲ್ಲ. ಒಳ್ಳಿನಲ್ಲಿ ಖಾರ ಕುಟ್ಟುವಾಗ ಏಟು ಬಿದ್ದಿರಬೇಕು ಎಂದೂ ಅಂದುಕೊಂಡೆ. ಅಷ್ಟರಲ್ಲಿ ರಂಜಾನ್ ಬಂತು, ಉಗುರಿಗೆ ಮದರಂಗಿ ಮೆತ್ತಿದೆ. ಬಕ್ರೀದಿಗೆ ಮತ್ತೆ ಮೆತ್ತಿದೆ. ನಡುವೆ ನಾದಿನಿಯ ಮದುವೆ, ಮತ್ತೆ ಮದರಂಗಿ. ಆ ಕೆಂಪಿನ ಕೆಳಗೆ ಕಪ್ಪು ತನ್ನಷ್ಟಕ್ಕೆ ಅಗಲವಾಗುತ್ತ ಹೋಯಿತು. ನೋಡಿದ ಹೆಂಗಸರೆಲ್ಲ ಹೆಬ್ಬೆರಳಿಗೆ ರಂಗು ಭಾಳ ಚೆನ್ನಾಗಿ ಏರಿದೆ, ಗಂಡನಿಗೆ ನಿನ್ನ ಮೇಲೆ ಪ್ರೀತಿ ಹೆಚ್ಚು ಎಂದು ಚೇಷ್ಟೆ ಮಾಡಿದರು. ನಾನೂ ಹಿಗ್ಗಿ ಕೈ ಚಾಚಿ ಚಾಚಿ ತೋರಿಸಿದೆ. ಎಂಥ ಹುಚ್ಚಿ ನೋಡು, ಮೈಯಲ್ಲಿ ಬೆಳೆಯುತ್ತಿದ್ದ ರೋಗವನ್ನು ಊರಿಗೆಲ್ಲ ಒಡವೆಯಂತೆ ತೋರಿಸಿಕೊಂಡು ಬಂದವಳು ನಾನು.

ಉಗುರು ಸೀಳಿ ನೀರು ಸೋರತೊಡಗಿದಾಗ ಉಗುರುಸುತ್ತು ಎಂದು ಲಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸಿದೆವು. ಒಂದು ದಿನ ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದೆ. ಖಡು ಹಿಡಿದ ಕೈಯಿಂದ ರಕ್ತ ಇಳಿದು ಬಳೆಗೆ ತಾಗಿತು. ಅವತ್ತೇ ನನ್ನ ಗಂಡ ಅಂಗಡಿ ಮುಚ್ಚಿ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದರು.

ನನ್ನ ಗಂಡ ಮೋದಿನಸಾಬರನ್ನು ನೀನು ಲಗ್ನದಲ್ಲಿ ಗಂಡಸರ ಗುಂಪಿನಲ್ಲಿ ದೂರದಿಂದ ನೋಡಿದ್ದೀ, ಅಷ್ಟೇ. ದರ್ಜಿ. ಮನೆಯ ಮುಂದಿನ ಖೋಲಿಯೇ ಅಂಗಡಿ. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಎರಡನ್ನೂ ನಾನೇ ಅವರ ಪಾಲಿನದೂ ಸೇರಿಸಿ ಮಾಡುತ್ತೇನೆ. ಮಕ್ಕಳಾಗಲಿಲ್ಲ, ಅದಕ್ಕೂ ಅವರು ಒಂದು ದಿನವೂ ಮಾತೆತ್ತಲಿಲ್ಲ.

ಮಿರಜಿನ ದವಾಖಾನೆಯಲ್ಲಿ ದೊಡ್ಡ ಡಾಕ್ಟರರು ಮರಾಠಿಯಲ್ಲಿ ಹೇಳಿದ್ದನ್ನು ಇಂಡಿ ಊರಿನ ಕಡೆಯ ವಾಸುದೇವ ಎಂಬ ಎಳೆಯ ಡಾಕ್ಟರು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಇದು ಕ್ಯಾನ್ಸರಿನಲ್ಲೇ ಒಂದು ಜಾತಿ, ಮೆಲನೋಮಾ ಎನ್ನುತ್ತಾರಂತೆ. ಮೈಯ ಕಪ್ಪು ಬಣ್ಣವೇ ಕೆಟ್ಟು ಹುಣ್ಣಾಗುವುದು. ಬೆರಳು ತೆಗೆಯಬೇಕು. ತೆಗೆದರೆ ಜೀವ ಉಳಿಯುತ್ತದೆಯೇ ಎಂದು ನಾನು ಕೇಳಿದೆ. ವಾಸುದೇವ ಅವರು ದೊಡ್ಡವರ ಮುಖ ನೋಡಿ, ಉಳಿಯಬಹುದು ಎಂದರು. ಆ ‘ಬಹುದು’ ಎಂಬುದರಲ್ಲಿ ನಾನು ಅವತ್ತಿನಿಂದ ಕಾಲ ಕಳೆಯುತ್ತಿದ್ದೇನೆ.

ಬೆರಳು ಹೋಯಿತು. ಊರಿಗೆ ಬಂದ ಮೇಲೆ ಮೋದಿನಸಾಬರು ಬಟ್ಟೆಯಲ್ಲಿ ಒಂದು ಹೆಬ್ಬೆರಳು ಹೊಲಿದು, ಒಳಗೆ ಅರಳೆ ತುಂಬಿ, ಕಟ್ಟಲು ದಾರ ಇಟ್ಟು ನನ್ನ ಮುಂದೆ ತಂದಿಟ್ಟರು. ನನ್ನ ಮೈಬಣ್ಣದ ಬಟ್ಟೆಯನ್ನೇ ಹುಡುಕಿ ತಂದಿದ್ದರು. ನಾನು ಅದನ್ನು ಎತ್ತಿ ಒಲೆಗೆ ಹಾಕಿದೆ. ಅವರು ಹೋಗಿ ಮಶೀನು ತುಳಿಯತೊಡಗಿದರು. ಹಿಂದೆಯೇ ಹೋಗಿ ಅವರ ಬೆನ್ನಿಗೆ ಹಣೆ ಹಚ್ಚಿ ಅತ್ತೆ. ಹೊಲಿಯುವುದನ್ನು ಅವರು ನಿಲ್ಲಿಸಲಿಲ್ಲ, ಮಶೀನಿನ ಸದ್ದಿನಲ್ಲಿ ನನ್ನ ಅಳು ನೆರೆಯವರಿಗೆ ಕೇಳಿಸಬಾರದೆಂದು ಇನ್ನೂ ಜೋರಾಗಿ ತುಳಿದರು.

ಬೆರಳಿಲ್ಲದಿರುವುದನ್ನು ಮೈ ಕಲಿತುಕೊಳ್ಳುತ್ತದೆ ಸಾತವ್ವ. ರೊಟ್ಟಿ ಬಡಿಯುವುದನ್ನು ಕಲಿತೆ. ಬಾವಿಯ ಹಗ್ಗ ಹಿಡಿಯುವುದನ್ನು ಕಲಿತೆ. ಶಾಲೆಯ ಮಕ್ಕಳು ಮೊದಲು ಹೆದರಿದವು, ಆಮೇಲೆ ನನ್ನ ಹಾಗೆ ಖಡು ಹಿಡಿದು ನನ್ನನ್ನೇ ಅಣಕಿಸಿದವು. ನಾನೂ ನಕ್ಕೆ. ಕಲಿಯಲಾಗದ್ದು ಒಂದೇ, ಅದು ಕಾಯುವುದು. ದವಾಖಾನೆಯವರು ಹೇಳಿ ಕಳಿಸಿದ್ದರು. ಈ ರೋಗ ತೆಗೆದ ಜಾಗದಲ್ಲೇ ಬರಬೇಕೆಂದಿಲ್ಲ, ಕಂಕುಳಲ್ಲಿ ಗಂಟಾಗಿ ಬರಬಹುದು, ಮೈಯ ಯಾವ ಮೂಲೆಯಲ್ಲಾದರೂ ಬರಬಹುದು. ಬಾರದೆಯೂ ಇರಬಹುದು. ತಿಂಗಳಿಗೊಮ್ಮೆ ಅಂಗಾಲಿನಿಂದ ನೆತ್ತಿಯವರೆಗೆ ನೋಡಿಕೊಳ್ಳಿ, ಹೊಸದಾಗಿ ಕಪ್ಪು ಕಂಡರೆ ಓಡಿ ಬನ್ನಿ.

ತಿಂಗಳಿಗೊಮ್ಮೆ ಅಂತೆ. ನಾನು ದಿನಾ ನೋಡಿಕೊಳ್ಳುತ್ತೇನೆ. ನೀರು ಹಾಕಿಕೊಳ್ಳುವಾಗ ಕೈ ತಾನಾಗಿ ಕಂಕುಳಿಗೆ ಹೋಗುತ್ತದೆ. ಹುಟ್ಟಿನಿಂದ ಇದ್ದ ಮಚ್ಚೆಗಳೆಲ್ಲ ನನಗೆ ಈಗ ವೈರಿಗಳಾಗಿವೆ. ನಾವು ಸಣ್ಣವರಿದ್ದಾಗ ನೀನು ‘ಲಕ್ಷ್ಮೀ ಮಚ್ಚಿ’ ಎಂದು ಚಿವುಟುತ್ತಿದ್ದೆಯಲ್ಲ, ಕುತ್ತಿಗೆಯದು, ಅದನ್ನು ಕೂಡ ಗುಮಾನಿಯಿಂದ ನೋಡುತ್ತೇನೆ. ಒಮ್ಮೆ ತರಗತಿಯಲ್ಲಿ ಎಡಗೈ ಬೆರಳಿನಲ್ಲಿ ಕಪ್ಪು ಕಂಡು ಕಣ್ಣು ಕತ್ತಲೆ ಬಂದು ಕುರ್ಚಿ ಹಿಡಿದು ಕುಳಿತೆ. ನೋಡಿದರೆ ದೌತಿಯ ಶಾಯಿ. ಮಕ್ಕಳು ನೀರು ತಂದು ಕೊಟ್ಟವು. ಉಪವಾಸದ ನಿಶ್ಶಕ್ತಿ ಎಂದು ಸುಳ್ಳು ಹೇಳಿದೆ.

ಊರಿನವರಿಗೆ ಇದು ಗೊತ್ತಾಗುವುದಿಲ್ಲ. ಅವರ ಲೆಕ್ಕದಲ್ಲಿ ಬೆರಳು ಹೋದ ದಿನವೇ ರೋಗವೂ ಹೋಯಿತು. ಕಂಡವರೆಲ್ಲ ‘ಆರಾಮ ಆತಲ್ರಿ ಅಕ್ಕಾರ, ಇನ್ನೇನು’ ಎನ್ನುತ್ತಾರೆ. ಇನ್ನೇನು ಎಂಬುದೇ ನನಗೂ ತಿಳಿಯಬೇಕಾಗಿದೆ ಎಂದು ಬಾಯಿ ತುದಿಗೆ ಬರುತ್ತದೆ. ನುಂಗಿಕೊಂಡು, ಹೌದು, ಅಲ್ಲಾಹನ ಮೆಹರಬಾನಿ ಎನ್ನುತ್ತೇನೆ. ಐದು ಹೊತ್ತು ನಮಾಜು ಮಾಡುತ್ತೇನೆ. ಹಣೆ ನೆಲಕ್ಕೆ ಹಚ್ಚಿದಾಗಲೂ ಈ ಹಾಳು ಮನಸ್ಸು ಕಂಕುಳಲ್ಲಿ ಏನಾದರೂ ಒತ್ತುತ್ತಿದೆಯೇ ಎಂದು ನೋಡುತ್ತದೆ. ಅದಕ್ಕೆ ದೇವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಹೋದ ವರ್ಷ ಬಲ ಕಂಕುಳಲ್ಲಿ ನಿಜವಾಗಿಯೂ ಸಿಕ್ಕಿತು. ಕಡಲೆಕಾಳಿನಷ್ಟು ಗಂಟು, ಒತ್ತಿದರೆ ಸರಿಯುತ್ತಿತ್ತು, ನೋವಿರಲಿಲ್ಲ. ಮೋದಿನಸಾಬರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಅರ್ಧ ಕತ್ತರಿಸಿದ ಅರಿವೆಯನ್ನು ಹಾಗೇ ಮಡಚಿ, ಚೀಲಕ್ಕೆ ನನ್ನ ಬಟ್ಟೆ ತುಂಬಿದರು. ವಿಜಾಪುರದ ಮೋಟಾರಿನಲ್ಲಿ, ಅಲ್ಲಿಂದ ಮಿರಜಿನ ಮೋಟಾರಿನಲ್ಲಿ ಹೋದೆವು.

ಗಂಟನ್ನು ತೆಗೆದರು. ನನಗೆ ಎಚ್ಚರವಾದಾಗ ವಾಸುದೇವ ಅವರು ಕಾಟಿನ ಹತ್ತಿರ ನಿಂತಿದ್ದರು. ಆ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖದಲ್ಲೇ ಎಲ್ಲ ಇತ್ತು.

‘ಅಕ್ಕಾರ, ಗಂಟು ಕೊಯ್ದು ನೋಡಿದಿವ್ರಿ. ಒಳಗ ಪೂರಾ ಕಪ್ಪಾಗೈತಿ.’

ದೊಡ್ಡ ಡಾಕ್ಟರರು ಕಣ್ಣಿನಲ್ಲಿ ನೋಡಿದ್ದನ್ನಷ್ಟೇ ನಂಬುವವರಲ್ಲ, ಅದನ್ನು ತೆಳ್ಳಗೆ ಕೊಯ್ದು ದುರ್ಬೀನಿನ ಕೆಳಗೆ ಇಟ್ಟು ನೋಡಬೇಕು, ಅದಕ್ಕೆ ಕೆಲವು ದಿನ ಬೇಕು ಎಂದರಂತೆ. ಆದರೆ ರೋಗ ಮೇಲೆ ಹತ್ತಿದೆ ಎಂದೇ ಅವರ ಅಂದಾಜು. ಹಾಗಿದ್ದರೆ ಕೈಯನ್ನು ಹೆಗಲಿನಿಂದಲೇ ತೆಗೆಯಬೇಕು. ತೆಗೆದರೂ ಉಳಿಯಬಹುದು. ಮತ್ತೆ ಅದೇ ‘ಬಹುದು’.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಮೋದಿನಸಾಬರು ಕಾಟಿನ ಬದಿಗೆ ಸ್ಟೂಲಿನ ಮೇಲೆ ಕುಳಿತು, ಯಾರದೋ ಅಂಗಿಯ ಕಾಜಾ ಹೊಲಿಯುತ್ತಿದ್ದರು. ನಾನು ಕೈಯನ್ನೇ ನೋಡುತ್ತ ಮಲಗಿರುತ್ತಿದ್ದೆ. ಮೊಣಕೈ ಕೆಳಗಿನ ಒಳಮಗ್ಗುಲಿನಲ್ಲಿ ಬೆಳ್ಳಗೆ ಸುಕ್ಕುಗಟ್ಟಿದ ಕಲೆ ಇದೆಯಲ್ಲ, ಅದು ಕಣ್ಣಿಗೆ ಬೀಳುತ್ತಿತ್ತು. ಮೊದಲ ಸಲ ಬಂದಾಗಲೇ ಡಾಕ್ಟರರು ಇದೇನು ಎಂದು ಕೇಳಿದ್ದರು. ಒಲೆಯ ಮುಂದೆ ಸುಟ್ಟದ್ದು ಎಂದಿದ್ದೆ. ಗಂಡನಿಗೂ ಹಾಗೆಯೇ ಹೇಳಿದ್ದೆ. ಅದು ಏನೆಂದು ಅಮ್ಮ ತೀರಿಕೊಂಡ ಮೇಲೆ ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು, ನನಗೆ ಮತ್ತು ನಿನಗೆ.

ಹಚ್ಚೆ ಹಾಕುವ ರೇವವ್ವ ನಿಮ್ಮ ಅಂಗಳದ ಬೇವಿನ ನೆರಳಿನಲ್ಲಿ ಸೂಜಿ ಹರವಿಕೊಂಡು ಕುಳಿತದ್ದನ್ನು ನೀನು ಮರೆತಿರಲಾರೆ. ನಾವಿಬ್ಬರೂ ಪಕ್ಕದಲ್ಲಿ ಕುಳಿತೆವು. ನಿನ್ನ ಎಡಗೈಗೆ ಒಂದು ನವಿಲು, ನನ್ನ ಬಲಗೈಗೆ ಒಂದು. ಕೈಗೆ ಕೈ ಹಚ್ಚಿ ಕುಳಿತರೆ ಎರಡರ ಕೊಕ್ಕು ಕೂಡಬೇಕು. ಇದು ನಿನ್ನದೇ ಉಪಾಯ. ರೇವವ್ವ ಹಾಡು ಹೇಳುತ್ತ ಚುಚ್ಚಿದಳು, ಮಸಿ ತಿಕ್ಕಿದಳು, ಅರಿಶಿನ ಬಳಿದಳು. ನೀನು ಅಳಲಿಲ್ಲ, ಅದಕ್ಕೆ ನಾನೂ ಅಳಲಿಲ್ಲ. ಮನೆಗೆ ಬಂದು ಕುಣಿಯುತ್ತ ಅಮ್ಮನಿಗೆ ತೋರಿಸಿದೆ. ನಮ್ಮ ಅಮ್ಮ ಪೀರಬಿ ಎಂಥ ಧೈರ್ಯದ ಹೆಂಗಸು ಎಂದು ನಿನಗೆ ಗೊತ್ತು. ಅಂಥವಳೂ ಅವತ್ತು ಹೆದರಿ ಕದಕ್ಕೆ ಅಗಳಿ ಹಾಕಿದಳು. ನಮ್ಮಲ್ಲಿ ಹಚ್ಚೆ ಹಾಕಿಸಿಕೊಳ್ಳಬಾರದು. ನಾಳೆ ನಿಖಾಹ್ ಆಗಬೇಕಾದ ಹುಡುಗಿ, ಕಂಡವರು ಏನಂದಾರು, ಸತ್ತ ಮೇಲೆ ಗೋರಿಯಲ್ಲಿ ದೇವದೂತರಿಗೆ ಏನು ಜವಾಬು ಕೊಡುತ್ತಾಳೆ ಎಂದು ಬಡಬಡಿಸಿದಳು. ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ ನವಿಲಿನ ಮೇಲೆ ಮೆತ್ತಿ ಅರಿವೆ ಬಿಗಿದು ಕಟ್ಟಿದಳು. ನಾನು ಹೊರಳಾಡಿ ಚೀರಿದೆ. ಅವಳು ನನ್ನನ್ನು ತಬ್ಬಿ ಹಿಡಿದು ನನಗಿಂತ ಹೆಚ್ಚು ಅತ್ತಳು. ಚರ್ಮ ಸುಲಿದು ನವಿಲು ಹೋಯಿತು. ಯಾರು ಕೇಳಿದರೂ ಒಲೆ ಸುಟ್ಟದ್ದು ಎನ್ನಬೇಕೆಂದು ಕುರಾನಿನ ಮೇಲೆ ಆಣೆ ಹಾಕಿಸಿಕೊಂಡಳು.

ನಿನ್ನನ್ನು ಬಾಗಿಲಿಗೆ ಬರಗೊಡಬಾರದೆಂದೂ ಹೇಳಿದಳು. ಅವತ್ತಿನಿಂದ ನಾವು ಬಾವಿಯ ಕಟ್ಟೆಯಲ್ಲಿ ಕದ್ದು ಮಾತಾಡಿದ್ದೇ ಮಾತು. ಆಮೇಲೆ ನಿನ್ನನ್ನು ತಂಗಡಗಿಗೆ ಕೊಟ್ಟರು, ನನ್ನನ್ನು ಇಲ್ಲಿಗೆ.

ಹೀಗೆ ಮಲಗಿದ್ದಾಗ ಎದುರಿನ ಕಾಟಿನಲ್ಲಿ ಅಥಣಿಯ ಕಡೆಯ ಮುದುಕಿಯೊಬ್ಬಳಿಗೆ ನರ್ಸು ಸೂಜಿ ಚುಚ್ಚಲು ತೋಳು ಒರೆಸುತ್ತಿದ್ದಳು. ತೋಳ ತುಂಬ ಹಚ್ಚೆ. ತಿಕ್ಕಬೇಡವ್ವ, ಅದು ಹೋಗುವಂಥದ್ದಲ್ಲ, ಒಳಗೆ ಇಳಿದದ್ದು ಎಂದು ಮುದುಕಿ ನಕ್ಕಳು. ನಾನು ಎದ್ದು ಕುಳಿತೆ. ಅಮ್ಮ ಮೇಲಿನ ಚರ್ಮ ಸುಟ್ಟಳು. ಒಳಗೆ ಇಳಿದ ಮಸಿ ಎಲ್ಲಿ ಹೋಯಿತು? ಆ ವಿಚಾರ ಬಂದ ಮೇಲೆ ಮಲಗಲಾಗಲಿಲ್ಲ. ಹೇಳಿದರೆ ಅಮ್ಮನಿಗೆ ಕೊಟ್ಟ ಆಣೆ ಮುರಿಯುತ್ತದೆ, ಗಂಡನಿಗೆ ಇಷ್ಟು ವರ್ಷ ಹೇಳಿದ್ದು ಸುಳ್ಳಾಗುತ್ತದೆ. ಡಾಕ್ಟರು ನಕ್ಕರೆ ಇನ್ನೊಂದು ಅವಮಾನ. ಹೇಳದಿದ್ದರೆ ಕೈ ಹೋಗುತ್ತದೆ. ಅಷ್ಟಾಗಿಯೂ ಒಂದು ಹಗಲು ಪೂರ್ತಿ ಬಾಯಿ ಬಿಡಲಿಲ್ಲ ನೋಡು, ಎಂಥ ಭಂಡ ಹೆಣ್ಣು ನಾನು. ಮರುದಿನ ವಾಸುದೇವ ಅವರು ಪಟ್ಟಿ ಬಿಚ್ಚಲು ಬಂದಾಗ, ಗಂಡ ಪಕ್ಕದಲ್ಲಿ ಕುಳಿತಿದ್ದಂತೆಯೇ ಕೇಳಿದೆ.

‘ಡಾಕ್ಟರ್, ಹಚ್ಚಿ ಮಸಿ ಕಂಕುಳತನಕಾ ಹೋಗತೈತೇನ್ರಿ?’

ಅವರು ನಗಲು ಹೋದವರು ಅರ್ಧಕ್ಕೆ ನಿಂತರು. ಯಾವ ಹಚ್ಚೆ ಎಂದರು. ಕಲೆ ತೋರಿಸಿ ಎಲ್ಲ ಹೇಳಿದೆ. ಮೋದಿನಸಾಬರ ಸೂಜಿ ನಿಂತದ್ದು ಕಾಣುತ್ತಿತ್ತು, ಅವರ ಮುಖದ ಕಡೆ ನೋಡಲಿಲ್ಲ. ದೊಡ್ಡ ಡಾಕ್ಟರರು ಬಂದರು, ಕಲೆಯನ್ನು ಬೆಳಕಿಗೆ ಹಿಡಿದು ಒತ್ತಿ ನೋಡಿದರು, ಮೊದಲೇ ಏಕೆ ಹೇಳಲಿಲ್ಲ ಎಂದು ಗದರಿದರು, ಲಗುಬಗೆಯಿಂದ ಹೋದರು. ಹಚ್ಚೆಯ ಮಸಿ ಹೀಗೆ ಕಂಕುಳಿನ ಗಂಟಿನಲ್ಲಿ ಹೋಗಿ ಕೂರುವುದುಂಟು ಎಂದು ವಾಸುದೇವ ಅವರು ಆಮೇಲೆ ತಿಳಿಸಿ ಹೇಳಿದರು. ಗಂಟಿನ ಚೂರನ್ನು ಒಂದು ಔಷಧದ ನೀರಿನಲ್ಲಿ ಇಡುತ್ತಾರಂತೆ. ರೋಗದ ಕಪ್ಪಾದರೆ ಬಣ್ಣ ಬಿಡುತ್ತದೆ, ಮಸಿಯಾದರೆ ಬಿಡುವುದಿಲ್ಲ.

ಸಂಜೆಯ ಹೊತ್ತಿಗೆ ಅವರು ಬಂದು ಬಾಗಿಲಲ್ಲೇ ನಿಂತು ಹೇಳಿದರು, ‘ಅಕ್ಕಾರ, ಕಪ್ಪು ಬಿಡಲಿಲ್ರಿ. ಅದು ಮಸಿ.’

ಕೈ ಉಳಿಯಿತು ಸಾತವ್ವ. ಆ ಹೊತ್ತಿನಲ್ಲಿ ನನಗೆ ನಿನ್ನ ನೆನಪು ಬಂದು, ಅಮ್ಮನ ನೆನಪು ಬಂದು, ರೇವವ್ವನ ನೆನಪು ಬಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ನವಿಲು ನನ್ನ ಮೈ ಬಿಟ್ಟು ಹೋಗಿರಲೇ ಇಲ್ಲ, ತೋಳಿನಿಂದ ಕಂಕುಳಿಗೆ ಬಂದು ಕುಳಿತಿತ್ತು. ಅದನ್ನು ರೋಗವೆಂದು ತೆಗೆದು ಬಾಟಲಿಗೆ ಹಾಕಿದರು.

ತಿರುಗಿ ಬರುವಾಗ ಮೋಟಾರಿನಲ್ಲಿ ಮೋದಿನಸಾಬರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಸುಳ್ಳು ಹೇಳಿದ್ದಕ್ಕೆ ಈಗ ಏನಾದರೂ ಅನ್ನುತ್ತಾರೆ ಎಂದು ನಾನು ಮೈ ಬಿಗಿ ಹಿಡಿದು ಕುಳಿತಿದ್ದೆ. ಅವರು ನನ್ನ ಕಡೆ ತಿರುಗದೆ ಕೇಳಿದ್ದು ಒಂದೇ ಮಾತು.

‘ನವಿಲಿನ ಮಾರಿ ಯಾ ಕಡಿ ಇತ್ತು?’

‘ಸಾತವ್ವನ ಕಡಿ’ ಎಂದೆ. ಅವರು ಗೋಣು ಆಡಿಸಿದರು. ಆಮೇಲೆ ಅದರ ಮಾತೇ ಬರಲಿಲ್ಲ.

ಇಲ್ಲಿಗೆ ಪತ್ರ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಹೊರಡುವಾಗ ವಾಸುದೇವ ಅವರು ಇನ್ನೊಂದು ಮಾತು ಹೇಳಿದ್ದರು. ಈ ಗಂಟು ರೋಗವಲ್ಲ ಎಂದರೆ ರೋಗ ಇನ್ನು ಬರುವುದಿಲ್ಲ ಎಂದಲ್ಲ, ನೋಡಿಕೊಳ್ಳುವುದನ್ನು ಬಿಡಬೇಡಿ. ಒಂದು ತಿಂಗಳು ಹಗುರಾಗಿದ್ದೆ. ಮಕ್ಕಳಿಗೆ ಹೊಡೆಯಲೂ ಇಲ್ಲ. ಆಮೇಲೆ ಹೆದರಿಕೆ ತಿರುಗಿ ಬಂತು, ಮೊದಲಿಗಿಂತ ಹೆಚ್ಚಿಗೆ. ಮೊದಲು ಹೆದರಿಕೆಗೆ ಮುಖ ಇರಲಿಲ್ಲ. ಈಗ ಹೆಗಲಿನಿಂದ ಕೈ ಇಲ್ಲದ ನನ್ನನ್ನು ನಾನೇ ಒಮ್ಮೆ ಕಣ್ಣಾರೆ ನೋಡಿಬಿಟ್ಟಿದ್ದೇನೆ.

ಇಂಡಿ ಸಂತೆಗೆ ಹೋದವರ ಕೈಯಲ್ಲಿ ಮೋದಿನಸಾಬರು ಒಂದು ಲಿಂಬೆಸಸಿ ತರಿಸಿ ಹಿತ್ತಲಲ್ಲಿ ನೆಟ್ಟರು. ಇದು ಯಾವಾಗ ಕಾಯಿ ಬಿಡುತ್ತದೆ ಎಂದು ಕೇಳಿದೆ. ಮೂರು ನಾಲ್ಕು ವರ್ಷ ಬೇಕು ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಅಷ್ಟು ದಿನ ನಾನಿರುತ್ತೇನೆಂದು ನಿಮಗೆ ಯಾರು ಬರೆದುಕೊಟ್ಟಿದ್ದಾರೆ, ಸತ್ತವಳ ಹೆಸರಿನಲ್ಲಿ ಲಿಂಬೆ ಹಂಚಲು ನೆಟ್ಟಿರಾ ಎಂದು ಬಾಯಿಗೆ ಬಂದದ್ದು ಅಂದೆ. ಅವರು ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಲೇ ಇದ್ದರು. ಕಿವಿ ಮಾತ್ರ ಕೆಂಪಾದವು. ನಾನು ಆ ಗಿಡಕ್ಕೆ ಇವತ್ತಿನವರೆಗೆ ಒಂದು ತಂಬಿಗೆ ನೀರು ಹಾಕಿಲ್ಲ. ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಬಾಯಿಯಾಗಿ ಬರುತ್ತೀರಾ ಎಂದು ಶಾಲೆ ತಪಾಸಣೆಯ ಸಾಹೇಬರು ಕೇಳಿದ್ದಾರೆ, ಬರುವ ಜೂನಿಗೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮುಂದಿನ ಜೂನ್ ಎಂಬುದು ನನ್ನ ಮಟ್ಟಿಗೆ ಹಜ್‌ಗಿಂತ ದೂರ.

ಈಗ ನಿನ್ನಿಂದ ಆಗಬೇಕಾದದ್ದಕ್ಕೆ ಬರುತ್ತೇನೆ. ಎಡ ಹೆಗಲಿನ ಕೆಳಗೆ, ಬೆನ್ನಿನಲ್ಲಿ, ಕೈ ಹಿಂದೆ ತಿರುಚಿದರೆ ಬೆರಳ ತುದಿಗೆ ಏನೋ ತಾಗುತ್ತದೆ. ಸಣ್ಣಗೆ ಉಬ್ಬಿದೆ. ಹಳೆಯ ಮಚ್ಚೆಯೋ, ಬೆವರಿನ ಗುಳ್ಳೆಯೋ, ಅದೋ. ತುರಿಸುವುದಿಲ್ಲ, ನೋವಿಲ್ಲ. ನೋವಿದ್ದರೆ ಚೆನ್ನಾಗಿತ್ತು. ಮಚ್ಚೆ ಅಲ್ಲಿ ಮೊದಲಿನಿಂದ ಇತ್ತೇ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ತನ್ನ ಬೆನ್ನಿನಲ್ಲಿ ಏನಿದೆ ಎಂದು ಯಾರಿಗೆ ತಾನೇ ಗೊತ್ತಿರುತ್ತದೆ?

ಹೋದ ಶುಕ್ರವಾರ ಮಧ್ಯಾಹ್ನ ಅಂಗಡಿಯ ಕದ ಹಾಕಿಸಿದೆ. ಗಿರಾಕಿಗಳಿಗೆಂದು ಇಟ್ಟ ನಿಲುವುಗನ್ನಡಿಗೆ ಬೆನ್ನು ಮಾಡಿ ನಿಂತು, ಕೈಗನ್ನಡಿ ಎತ್ತಿ ಹಿಡಿದು ನೋಡಿದೆ. ಆ ಕನ್ನಡಿ ಬಹಳ ಹಳೆಯದು, ಹಿಂದಿನ ಲೇಪ ಕಿತ್ತು ಅಲ್ಲಲ್ಲಿ ಕಪ್ಪು ಚುಕ್ಕಿ ಎದ್ದಿವೆ. ನನ್ನ ಬೆನ್ನ ತುಂಬ ಕಪ್ಪು ಚುಕ್ಕಿ ಕಂಡವು. ಸರಿದರೆ ಕೆಲವು ಸರಿದವು, ಕೆಲವು ಅಲ್ಲೇ ಉಳಿದವು. ಯಾವುದು ಕನ್ನಡಿಯ ಚುಕ್ಕಿ, ಯಾವುದು ನನ್ನದು ತಿಳಿಯಲಿಲ್ಲ. ಮೋದಿನಸಾಬರನ್ನು ಕರೆದೆ. ನೀವೇ ನೋಡಿ ಹೇಳಿ, ಇಲ್ಲಿ, ಎಂದು ಬೆರಳಿಟ್ಟು ತೋರಿಸಿದೆ. ಅವರು ಹತ್ತಿರ ಬಂದರು. ಬೆರಳಿನಿಂದ ಆ ಜಾಗ ಮುಟ್ಟಿದರು.

‘ಏನೂ ಇಲ್ಲ’ ಎಂದರು.

ಅಷ್ಟು ಬೇಗ ಹೇಳಿದರೆ ನಂಬಲಾಗುತ್ತದೆಯೇ? ಕೈಗನ್ನಡಿಯನ್ನು ಒಂದಿಷ್ಟು ಓರೆ ಮಾಡಿದೆ. ಅದರಲ್ಲಿ ನನ್ನ ಬೆನ್ನು ಕಾಣಲಿಲ್ಲ, ಅವರ ಮುಖ ಕಂಡಿತು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಈ ವಯಸ್ಸಿನಲ್ಲೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುವ ಮನುಷ್ಯ ಸಾತವ್ವ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದರು. ಇಷ್ಟು ದಿನ ತಿಂಗಳು ತಿಂಗಳು ನನ್ನ ಬೆನ್ನು, ನೆತ್ತಿ ನೋಡಿ ‘ಏನೂ ಇಲ್ಲ’ ಎಂದದ್ದೆಲ್ಲ ಹೀಗೆಯೇ ಇತ್ತೇನೋ. ನಾನು ಅವರನ್ನು ಬೈಯಲಿಲ್ಲ. ಕುಪ್ಪಸ ಹಾಕಿಕೊಂಡು, ಹೌದು, ನನಗೂ ಹಾಗೇ ಅನಿಸಿತು ಎಂದೆ. ಚಹಾ ಮಾಡಿಕೊಟ್ಟೆ. ಇಬ್ಬರೂ ಕುಡಿದೆವು. ಅವರ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಲಗ್ನವಾದ ಹೊಸತರಲ್ಲೂ ಬಂದಿರಲಿಲ್ಲ. ಆದರೆ ಅವರ ಕಣ್ಣು ಇನ್ನು ನನಗೆ ಉಪಯೋಗವಿಲ್ಲ.

ಮಿರಜಿಗೆ ನೇರ ಹೋಗಬಹುದಲ್ಲ ಎನ್ನುತ್ತೀ. ಬೇಸಿಗೆಯಲ್ಲಿ ಹಾಗೇ ಓಡಿದ್ದೆ, ಬೆವರುಸಾಲೆ ಎಂದು ಪೌಡರು ಕೊಟ್ಟು ಕಳಿಸಿದರು. ಮೈಗೆ ಏನು ತಾಗಿದರೂ ಓಡುವುದಾದರೆ ನಾನು ಅಲ್ಲೇ ಮನೆ ಮಾಡಬೇಕು. ನೆರೆಯ ದಾವಲಬಿಗೆ ತೋರಿಸಿದರೆ ಅವಳು ನೋಡುವ ಮೊದಲೇ ಅಳುತ್ತಾಳೆ, ಅತ್ತು ಮುಗಿಸಿ ಓಣಿಗೆಲ್ಲ ಹೇಳುತ್ತಾಳೆ. ನನ್ನನ್ನು ಪ್ರೀತಿಸುವವರು ಯಾರೂ ನನಗೆ ನಿಜ ಹೇಳುವುದಿಲ್ಲ. ನೀನೊಬ್ಬಳು ಬಿಟ್ಟು.

ನನ್ನ ತೋಳು ಸುಟ್ಟ ಮರುದಿನ ಮುಂಜಾನೆ ನೀನು ನಮ್ಮ ಬಾಗಿಲಿಗೆ ಬಂದು ಅಮ್ಮನ ಎದುರು ನಿಂತು ಹೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತ್ತು. ‘ಚಾಚಿ, ನಾನ ಕರಕೊಂಡ ಹೋಗಿದ್ದೆ. ಆಕಿಗಿ ಬಡೀಬ್ಯಾಡ್ರಿ.’ ಕದ ಮುಖದ ಮೇಲೆ ಬಿತ್ತು, ಆದರೂ ನೀನು ಹೊತ್ತೇರುವ ತನಕ ಕಟ್ಟೆಯ ಮೇಲೆ ಕುಳಿತಿದ್ದೆ. ಎಷ್ಟೋ ವರ್ಷದ ಮೇಲೆ ಸಿಂದಗಿಯ ಮೋಟಾರ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಹೇಗಿದ್ದೀ ಎಂದು ಕೂಡ ಕೇಳದೆ, ಸೊರಗಿದ್ದೀಯಲ್ಲ, ಈ ಹಸಿರು ಸೀರೆ ನಿನಗೆ ಒಪ್ಪುವುದಿಲ್ಲ ಎಂದೆ. ಆಮೇಲೆ ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಆ ಸೀರೆಯನ್ನು ಮತ್ತೆ ಉಡಲಿಲ್ಲ. ನಿಜವಾಗಿಯೂ ಒಪ್ಪುತ್ತಿರಲಿಲ್ಲ.

ಆದ್ದರಿಂದ ನೀನು ಬಾ. ಮುದ್ದೇಬಿಹಾಳಕ್ಕೆ ಬಂದು ಬಾಗೇವಾಡಿಯ ಮೋಟಾರು ಹತ್ತು, ಅಲ್ಲಿಂದ ಮನಗೂಳಿಗೆ ಇನ್ನೊಂದು. ಹಬ್ಬ ಮುಗಿಸಿಕೊಂಡು ಬರುತ್ತೇನೆ ಎನ್ನಬೇಡ. ಹೊಲದ ಕೆಲಸ ಇದ್ದರೂ ಬಾ. ಮನೆಯವರು ಏಕೆ ಎಂದರೆ ಗೆಳತಿ ಕರೆದಿದ್ದಾಳೆ ಎನ್ನು, ಅದು ಸುಳ್ಳಲ್ಲ. ನಮ್ಮಲ್ಲಿ ಉಣ್ಣಲು ಮಡಿ ಮೈಲಿಗೆ ಅಂದರೆ ಬೇರೆ ಒಲೆ ಹೂಡಿಕೊಡುತ್ತೇನೆ, ನೀನೇ ರೊಟ್ಟಿ ಮಾಡಿಕೋ, ನನಗೂ ಒಂದು ಹಾಕು.

ಹಗಲು ಬೆಳಕಿರುವಾಗ ಹಿತ್ತಲ ಬಾಗಿಲಲ್ಲಿ ನಿಂತು ನಾನು ಕುಪ್ಪಸ ಬಿಚ್ಚುತ್ತೇನೆ. ನೀನು ನೋಡು. ನಾನು ಹೆದರುತ್ತೇನೆ ಎಂದು ನಿನ್ನ ಮನಸ್ಸು ಕರಗಬಾರದು. ಕಪ್ಪಗಿದ್ದರೆ ಕಪ್ಪಗಿದೆ ಎನ್ನು, ಮರುದಿನದ ಮೋಟಾರಿಗೆ ನನ್ನ ಜೊತೆ ಮಿರಜಿಗೆ ಹತ್ತು. ಇಲ್ಲದಿದ್ದರೆ ಏನೂ ಇಲ್ಲ ಎನ್ನು. ಆ ಎರಡು ಶಬ್ದ ಮೂರು ವರ್ಷದಿಂದ ನನ್ನ ಕಿವಿಗೆ ಬೀಳುತ್ತಿವೆ ಸಾತವ್ವ. ಕಣ್ಣು ತೆರೆದವರೊಬ್ಬರ ಬಾಯಿಂದ ಒಮ್ಮೆ ಕೇಳಬೇಕು.

ನೀನು ಬರುವವರೆಗೆ ಆ ಜಾಗವನ್ನು ಮುಟ್ಟಿ ನೋಡುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಆಗುವುದಿಲ್ಲ. ಬರೆಯುತ್ತಿರುವಾಗಲೇ ಮುಟ್ಟಿದೆ. ಬೇಗ ಬಾ.

ನಿನ್ನ ಕಣ್ಣಿನ ಬೆಳಕನ್ನು ನಮ್ಮ ಅಲ್ಲಾಹನೂ ನಿಮ್ಮೂರ ನೀಲಮ್ಮ ತಾಯಿಯೂ ಕಾಯಲಿ.

ಬಾಗಿಲಿಗೆ ಅಗಳಿ ಹಾಕದೆ ದಾರಿ ಕಾಯುತ್ತಿರುವ,
ಸಗೀರಾ